ಕಲ್ಲೊಳಗಿನ ಜಡೆ

ನೆಲವಾಡಗಿಯ ನೀರಿನಲ್ಲಿ ಇರಬೇಕಾದದ್ದೊಂದು ಇಲ್ಲ ಎಂಬುದು ಭಾಗಮ್ಮನಿಗೆ ಆ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲೇ ಗೊತ್ತಾಗಿತ್ತು. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ವಿಪರೀತ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ನಡುವಯಸ್ಸಿಗೇ ಬಾಗಿದ ಬೆನ್ನು, ಮಡಚಲು ಬಾರದ ಮೊಣಕಾಲು. ನೆಲವಾಡಗಿಯದೂ ಅದೇ ಫರಸಿ ಎಂಬ ಸುಣ್ಣದಕಲ್ಲು, ಅದೇ ಮಳೆ. ಆದರೂ ಅಲ್ಲಿನ ಮೆಟ್ಟಿಲಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಸರಿಗಷ್ಟೇ ಇತ್ತು. ಊರಿನವರು ದೇವರ ದಯೆ ಎಂದುಕೊಂಡು ಕುಡಿಯುತ್ತಿದ್ದರು. ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಭಾಗಮ್ಮನಿಗೆ ಅಷ್ಟಕ್ಕೇ ಸುಮ್ಮನಾಗಲು ಬರಲಿಲ್ಲ.

ಮದುವೆಗೆ ಮುಂಚೆ ಅವಳು ಅರಬ್ಬೀ ಸಮುದ್ರದ ಸಂಶೋಧನಾ ಹಡಗೊಂದರಲ್ಲಿದ್ದಳು. ಬಿಸಿಲು ಇಳಿಯದ ಆಳದಿಂದ ಬಲೆಯಲ್ಲಿ ಮೇಲೆ ಬರುವ ಜೀವಿಗಳನ್ನು ಗುರುತಿಸುವುದು ಅವಳ ಪಾಲಿನ ಕೆಲಸ. ಹಡಗಿನ ಯೋಜನೆ ಮುಗಿದ ಮೇಲೆ ಹುಟ್ಟಿದ ಜಿಲ್ಲೆಯಲ್ಲೇ ಈ ನೌಕರಿ ಸಿಕ್ಕಿತು. ನೆಲವಾಡಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಚಂದ್ರಶಾನ ಜೊತೆ ಮದುವೆಯಾಯಿತು. ಸಮುದ್ರದ ಋಣ ತೀರಿತು ಎಂದೇ ಅವಳು ತಿಳಿದಿದ್ದಳು.

ಒಂದು ದಿನ ಬಾವಿಯ ನೀರು ಸೋಸಿದ ಕಾಗದವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಎಳೆಗೂಸಿನ ಉಗುರಿನಂಥ ಹಾಲುಬಣ್ಣದ ಚೂರುಗಳು ಕಂಡವು. ಕಲ್ಲಿನ ಪುಡಿ ಹೀಗಿರುವುದಿಲ್ಲ. ಪದರದ ಮೇಲೆ ಪದರ ಕಟ್ಟಿ ಬೆಳೆದ ಚಿಪ್ಪಿನ ತುಣುಕುಗಳವು. ಕರಗಿಸಿ ನೋಡಿದಳು. ಸುಣ್ಣ, ರಂಜಕ, ಅವುಗಳ ಜೊತೆ ನೀರಿನಲ್ಲಿ ಕಾಣದೇ ಹೋಗಿದ್ದ ಫ್ಲೋರೈಡ್! ಸಮುದ್ರದಂಚಿನ ಮರಳಿನಲ್ಲಿ ಹುದುಗಿ ಬಾಳುವ, ನಾಲಿಗೆಯಾಕಾರದ ಒಂದು ಚಿಪ್ಪುಜೀವಿಯ ನೆನಪಾಯಿತು. ಅದೂ ಹೀಗೆಯೇ ನೀರಿನ ಫ್ಲೋರೈಡನ್ನು ಹೀರಿ ತನ್ನ ಚಿಪ್ಪನ್ನು ಗಟ್ಟಿಮಾಡಿಕೊಳ್ಳುತ್ತದೆ. ಹಾಗಾದರೆ ಈ ನೆಲದಡಿಯ ಬಿರುಕುಗಳ ಕತ್ತಲಲ್ಲಿ ಅಂಥದೇ ಯಾವುದೋ ಜೀವವಿದ್ದು, ಊರಿನ ನೀರನ್ನೆಲ್ಲ ಅದೇ ತೊಳೆಯುತ್ತಿದ್ದರೆ?

ಆ ಸಂಜೆ ಅವಳು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಕೂತಳು. ಅತ್ತೆ ನಾಗಬಾಯಿ ಪಕ್ಕದಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

"ಏನದು? ಹಾವೇನ?"

"ಹಾವಲ್ಲ ಅತ್ತಿ. ನಮ್ಮ ಬಾವಿ ತಳದಾಗ ಇರಬಹುದು ಅಂತ ನನಗ ಅನಸ್ಲತ್ತಿರೋ ಪ್ರಾಣಿ."

"ನೋಡೀಯೇನು ಅದನ್ನ?"

"ಇನ್ನಾ ಇಲ್ಲ."

"ನೋಡದನ ಹ್ಯಾಂಗ ಬರಿತಿ ತಾಯಿ?"

ಭಾಗಮ್ಮ ಪೆನ್ಸಿಲ್ ಕೆಳಗಿಟ್ಟು ಹೇಳತೊಡಗಿದಳು. ಪರದೇಶದ ಗವಿಗಳ ನೀರಿನಲ್ಲಿ ಕಣ್ಣೇ ಇಲ್ಲದ ಮೀನುಗಳಿವೆ. ಬೆಳಕಿಲ್ಲದ ಕಡೆ ಕಣ್ಣು ದಂಡ ಎಂದು ದೇಹವೇ ಅದನ್ನು ಬಿಟ್ಟುಕೊಟ್ಟಿದೆ. ಮೈಬಣ್ಣವೂ ಬೇಡವಾಗಿ ಬಿಳಿಚಿಕೊಂಡಿವೆ. ಒಂದು ಜಾತಿಯ ಗವಿಹಲ್ಲಿ ವರ್ಷಗಟ್ಟಲೆ ಉಪವಾಸವಿದ್ದು ಬದುಕಬಲ್ಲದು. ಇನ್ನು ಸಮುದ್ರದ ಆಳದಲ್ಲಿ ಹಗ್ಗದಂಥ ಜೀವಿಗಳಿವೆ. ನೋಡಲು ಒಂದು, ಒಳಗೆ ಸಾವಿರ. ಸಾವಿರ ಪುಟ್ಟ ದೇಹಗಳು ಒಂದೇ ನೂಲಿಗೆ ಸೇರಿಕೊಂಡು, ಕೆಲವು ಈಜುವುದನ್ನಷ್ಟೇ ಮಾಡುತ್ತವೆ, ಕೆಲವು ಉಣ್ಣುವುದನ್ನಷ್ಟೇ. ಒಂದು ಉಂಡದ್ದು ಎಲ್ಲರ ಹೊಟ್ಟೆಗೂ ಸೇರುತ್ತದೆ.

"ಅಂದ್ರ ನಮ್ಮ ತವರುಮನಿ ಇದ್ದಂಗ," ಎಂದಳು ನಾಗಬಾಯಿ. "ಉಣ್ಣಾಕ ಮನಿತುಂಬ ಮಂದಿ. ದುಡಿಯೋದು ಮಾತ್ರ ನಮ್ಮವ್ವ ಒಬ್ಬಾಕಿ."

ಭಾಗಮ್ಮ ನಕ್ಕುಬಿಟ್ಟಳು. ಮುದುಕಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಜಡಿ ಇದ್ದಂಗ ಅದ ನೋಡು. ಮಣಿ ಪೋಣಿಸಿದ ಜಡಿ," ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಜಡಿ ಎಂದೇ ಹೆಸರಾಯಿತು.

ಭಾಗಮ್ಮ ಊಹಿಸಿದ ಪ್ರಾಣಿ ಕಲ್ಲಿನ ಗೋಡೆಗೆ ಬೇರೂರಿಕೊಂಡಿತ್ತು. ಜಾಗ ಬಿಟ್ಟು ಕದಲುವುದಲ್ಲ. ಸಾವಿರಾರು ಚಿಪ್ಪುಗಳ ಉದ್ದನೆಯ ಎಳೆ, ಒಂದೊಂದು ಚಿಪ್ಪಿನ ಬಾಯಲ್ಲೂ ಬಾಚಣಿಗೆಯಂಥ ರೋಮ. ಚಿತ್ರದ ಜೊತೆ ಒಂದು ಟಿಪ್ಪಣಿ ಬರೆದು ಮೇಲಧಿಕಾರಿಗೆ ತೋರಿಸಿದಳು. ಅವರು ಓದಿ, "ಕಲ್ಪನೆ ಚೆನ್ನಾಗಿದೆ ಭಾಗಮ್ಮ, ಕಚೇರಿಗೆ ಮಾತ್ರ ಫ್ಲೋರೈಡ್ ವರದಿ ಸಾಕು," ಎಂದು ಹಿಂದಿರುಗಿಸಿದರು.

ಆ ವರ್ಷ ಊರಿನ ಪೂರ್ವಕ್ಕಿದ್ದ ಫರಸಿ ಗಣಿಯನ್ನು ಕಂಪನಿಯವರು ಇನ್ನೂ ಆಳಕ್ಕೆ ಅಗೆಯತೊಡಗಿದರು. ಕೆಳಗೆ ಹೋದಂತೆ ಬಿರುಕುಗಳಿಂದ ನೀರು ಚಿಮ್ಮಿತು. ಗಣಿಯ ಗುಂಡಿಯಲ್ಲಿ ದೊಡ್ಡ ದೊಡ್ಡ ಪಂಪುಗಳನ್ನು ಕೂರಿಸಿ ಹಗಲಿರುಳು ನೀರೆತ್ತಿ ಹೊರಗೆ ಬಿಟ್ಟರು. ಮೆಟ್ಟಿಲಬಾವಿಯ ನೀರು ಇಳಿಯಲಿಲ್ಲ. ಹಾಗಾಗಿ ಊರಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಆದರೆ ತಿಂಗಳು ತಿಂಗಳು ಪರೀಕ್ಷಿಸುತ್ತಿದ್ದ ಭಾಗಮ್ಮನಿಗೆ ಬೇರೆಯದೇ ಕಂಡಿತು. ಫ್ಲೋರೈಡ್ ಏರತೊಡಗಿತ್ತು. ಬೇಸಿಗೆ ಬರುವ ಹೊತ್ತಿಗೆ ನೆಲವಾಡಗಿಯ ನೀರು ಸುತ್ತಲಿನ ಊರುಗಳ ನೀರಿಗೆ ಹತ್ತಿರ ಬಂದಿತ್ತು. ಸೋಸಿದ ಕಾಗದದಲ್ಲಿ ಉಗುರಿನಂಥ ಚೂರುಗಳೂ ಮಾಯವಾಗಿದ್ದವು.

ಇಂಥ ಸಮಯದಲ್ಲಿ ಗಣಿಯ ಮೆಕ್ಯಾನಿಕಲ್ ಎಂಜಿನಿಯರ್ ವಿಶ್ವಂಭರ ಕುಲಕರ್ಣಿ ಒಂದು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಪ್ರಯೋಗಾಲಯಕ್ಕೆ ಬಂದ. ನಡುವಯಸ್ಸಿನ, ನಿದ್ದೆಗೆಟ್ಟ ಮುಖದ ಮನುಷ್ಯ.

"ಮೇಡಂ, ನಮ್ಮ ಪಂಪಿನ ಬಾಯಿಗೆ ಇದೊಂದು ಬಿಳೇದು ಬಂದು ಸಿಗಬೀಳಲಿಕತ್ತದ ನೋಡ್ರಿ. ಎಷ್ಟು ಬಳದ್ರೂ ಮತ್ತ ಬರ್ತದ. ಪಂಪೆಲ್ಲಾ ಜಾಮ್ ಆಗಿ ಕೂತಾವ. ಯಾವ ಆಸಿಡ್ ಹಾಕಿದ್ರ ಇದು ಸಾಯ್ತದ, ಅಷ್ಟು ಹೇಳ್ರಿ ಸಾಕು."

ಭಾಗಮ್ಮ ಕ್ಯಾನಿನ ಮುಚ್ಚಳ ತೆರೆದಳು. ಒಳಗೆ ಹರಿದು ಚಿಂದಿಯಾದ ಬಿಳಿ ಎಳೆಗಳು, ಎಳೆಯ ಉದ್ದಕ್ಕೂ ಹಾಲುಬಣ್ಣದ ಪುಟ್ಟ ಪುಟ್ಟ ಚಿಪ್ಪು. ಮುಚ್ಚಳವನ್ನು ಮೆಲ್ಲಗೆ ಹಾಕಿದಳು.

"ಯಾವ ಆಸಿಡ್ ಹಾಕಿದ್ರೂ ಸಾಯ್ತದ," ಎಂದಳು. "ನಿಮ್ಮ ಕ್ವಾರ್ಟರ್ಸಿಗೆ ಕುಡಿಯೋ ನೀರು ಎಲ್ಲಿಂದ ಬರ್ತದ್ರಿ?"

"ನೆಲವಾಡಗಿ ಬಾವಿಯಿಂದನ. ಟ್ಯಾಂಕರ್ ತುಂಬಿಸ್ಕೊಂಡು ಬರ್ತೇವಿ. ಯಾಕ್ರಿ?"

"ಮಕ್ಕಳು ಇದ್ದಾರೇನ್ರಿ?"

"ಇಬ್ಬರು ಹೆಣ್ಣುಮಕ್ಕಳು."

ಭಾಗಮ್ಮ ತಿಂಗಳುಗಳ ವರದಿಗಳನ್ನು ಅವನ ಮುಂದೆ ಹರಡಿದಳು. ಸುಣ್ಣದಕಲ್ಲು, ಚಿಪ್ಪು, ಫ್ಲೋರೈಡ್, ಎಲ್ಲವನ್ನೂ ಬಿಡಿಸಿ ಹೇಳಿದಳು. ಕುಲಕರ್ಣಿ ಕ್ಯಾನನ್ನು ಅಲ್ಲಿಯೇ ಬಿಟ್ಟು, "ಎರಡು ದಿನ ಬಿಟ್ಟು ಬರ್ತೇನಿ," ಎಂದು ಎದ್ದು ಹೋದ.

ಕ್ಯಾನಿನಲ್ಲಿದ್ದುದನ್ನು ಭಾಗಮ್ಮ ಗಾಜಿನ ತೊಟ್ಟಿಗೆ ಸುರಿದು, ಸುತ್ತ ಕರಿಬಟ್ಟೆ ಕಟ್ಟಿ, ಕೆಂಪು ಬಲ್ಬೊಂದನ್ನು ಹಚ್ಚಿಟ್ಟಳು. ಸತ್ತಿವೆ ಎಂದುಕೊಂಡಿದ್ದ ತುಂಡುಗಳಲ್ಲಿ ಹಲವು ಸತ್ತಿರಲಿಲ್ಲ. ಅವಕ್ಕೆ ಉಸಿರಾಡಲೆಂದು ತೊಟ್ಟಿಯ ಮೂಲೆಯಲ್ಲಿ ಮೀನಿನ ತೊಟ್ಟಿಗೆ ಹಾಕುವಂಥ, ನೀರನ್ನು ಎಳೆದು ಚಿಮ್ಮುವ ಸಣ್ಣ ಪಂಪು ಇಟ್ಟಿದ್ದಳು. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಎಳೆಗಳೆಲ್ಲ ತೆವಳಿಕೊಂಡು ಪಂಪಿನ ಬಾಯಿಯ ಬಳಿ ಗುಂಪುಗೂಡಿದ್ದವು! ಪಂಪನ್ನು ಎದುರು ಮೂಲೆಗೆ ಸರಿಸಿದಳು. ಕಚೇರಿ ಮುಚ್ಚುವ ಹೊತ್ತಿಗೆ ಅವೂ ಎದುರು ಮೂಲೆಗೆ ಬಂದು ಸೇರಿದ್ದವು.

ತನ್ನ ಚಿತ್ರ ತಪ್ಪಾಗಿತ್ತೆಂಬುದು ಭಾಗಮ್ಮನಿಗೆ ಅರಿವಾಯಿತು. ಜಡೆ ಗೋಡೆಗೆ ಬೇರೂರಿದ ಪ್ರಾಣಿಯಲ್ಲ, ನಡೆಯುವ ಪ್ರಾಣಿ. ಕಣ್ಣಿಲ್ಲದ ಆ ಜೀವಕ್ಕೆ ಇರುವುದು ಒಂದೇ ದಿಕ್ಕು, ನೀರಿನ ಸೆಳೆತ. ಎಲ್ಲಿ ನೀರು ಜೋರಾಗಿ ಹರಿಯುತ್ತದೋ ಅಲ್ಲಿ ಊಟ ಹೆಚ್ಚು. ತಲೆಮಾರುಗಳಿಂದ ನೆಲವಾಡಗಿಯ ಜನ ಆ ಬಾವಿಯಿಂದ ನೀರು ಸೇದುತ್ತ ಬಂದಿದ್ದರು. ಸೇದಿದ ಸೆಳೆತಕ್ಕೆ ಅದು ಬಾವಿಯ ಸುತ್ತಲಿನ ಬಿರುಕುಗಳಲ್ಲೇ ನೆಲೆಯಾಗಿತ್ತು. ಈಗ ಗಣಿಯ ಪಂಪುಗಳು ಬಾವಿಗಿಂತ ನೂರು ಪಾಲು ಜೋರಾಗಿ ಎಳೆಯುತ್ತಿದ್ದವು. ಪಾಪದ ಪ್ರಾಣಿ ಊಟವೆಂದುಕೊಂಡು ನೆಟ್ಟಗೆ ಪಂಪಿನ ಚಕ್ರದ ಬಾಯಿಗೇ ಹೋಗಿ ಬೀಳುತ್ತಿತ್ತು.

ಹಾಗೆ ಸೆಳೆದಂತೆಯೇ ಅದನ್ನು ಹಿಂದಕ್ಕೆ ಕರೆಯಲೂಬಹುದು. ಗಣಿಯ ಪಂಪು ನಿಲ್ಲಬೇಕು, ಅದೇ ವೇಳೆಗೆ ಬಾವಿಯಿಂದ ನೀರನ್ನು ಎಡೆಬಿಡದೆ ಎಳೆಯಬೇಕು.

ಹೇಳಿದಂತೆ ಬಂದ ಕುಲಕರ್ಣಿ ತೊಟ್ಟಿಯನ್ನು ನೋಡಿ, ಅವಳು ಯೋಚಿಸಿದ್ದನ್ನೆಲ್ಲ ಕೇಳಿಸಿಕೊಂಡ. "ಪಂಪು ಬಂದ್ ಮಾಡ್ರಿ ಅಂದ್ರ ನನ್ನ ನೌಕರಿ ಹೋಗ್ತದ್ರಿ," ಎಂದ. ಆಮೇಲೆ ತಾನೇ ಮುಂದುವರಿಸಿದ. "ಆದ್ರ ಹೆಂಗೂ ಪಂಪು ಕೆಟ್ಟು ಕೂತಾವ. ಹೊಸವಕ್ಕ ಆರ್ಡರ್ ಹೋಗ್ಯಾದ. ಹಳೇವನ್ನ ರಿಪೇರಿ ಮಾಡಿಸಿ ನಡಸ್ರಿ ಅಂತ ಮ್ಯಾಲಿನವರು ಹೇಳ್ಯಾರ. ರಿಪೇರಿ ಆಗಲ್ಲ ಅಂತ ನಾ ಬರದು ಕಳಸ್ತೇನಿ. ಹೊಸಾವು ಬರೋತನಕ ನಿಮ್ಮ ಟೈಮು. ಅದರಾಚಿ ನನ್ನ ಕೈಯಾಗಿಲ್ಲ."

ಮನೆಯಲ್ಲಿ ಈ ಮಾತು ಎತ್ತಿದಾಗ ಚಂದ್ರಶಾ ಊಟದ ತಟ್ಟೆ ಸರಿಸಿದ.

"ಈ ಬ್ಯಾಸಗ್ಯಾಗ ಬಾವಿ ನೀರು ಎಳದು ಹಳ್ಳಕ್ಕ ಚೆಲ್ರಿ ಅಂತ ಮಂದಿಗೆ ಹೇಳ್ತಿಯೇನು? ತಲಿ ಸುದ್ದ ಅದ ಇಲ್ಲ ನಿನಗ? ನಾಳಿಂದ ನನ್ನ ಅಂಗಡಿಗಿ ಒಬ್ಬರೂ ಬರಂಗಿಲ್ಲ."

"ಹೇಳಬೇಕಾಗ್ಯಾದ ರೀ. ಬ್ಯಾರೆ ದಾರಿ ಇದ್ರ ಹೇಳ್ರಿ, ಅದನ್ನ ಮಾಡೂಣು."

"ಯಾರೂ ನೋಡದಿರೋ ಪ್ರಾಣಿ ಸಲವಾಗಿ?"

"ಯಾರೂ ನೋಡಿಲ್ಲ ಅಂತ ಯಾಕಂತೀರಿ? ಬರ್ರಿ, ತೋರಸ್ತೀನಿ."

ಮರುದಿನ ಅವನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಚಂದ್ರಶಾ ಮುಖ ಗಂಟಿಕ್ಕಿಕೊಂಡೇ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಭಾಗಮ್ಮ ಅವನ ಎದುರಿಗೇ ಪಂಪನ್ನು ಮೂಲೆಯಿಂದ ಮೂಲೆಗೆ ಸರಿಸಿದಳು. ಒಂದು ತಾಸು ಅವನು ಅಲ್ಲಿಂದ ಕದಲಲಿಲ್ಲ. ಹೊರಬಂದಾಗ ಅವನ ದನಿ ಬೇರೆಯಾಗಿತ್ತು.

"ಸಕ್ಷನ್ ಎಲ್ಲದನೋ ಅಲ್ಲಿಗೇ ಹೊಳ್ಳಲತ್ತದಲ್ಲ ಅದು! ಕೇಳಿಲ್ಲಿ, ಒಂದೆರಡು ಮೋಟಾರಿಲೆ ಈ ಕೆಲಸ ಆಗಂಗಿಲ್ಲ. ಊರಾಗ ಯಾರ್ಯಾರ ಮನ್ಯಾಗ ಪಂಪ್‌ಸೆಟ್ ಅವನೋ ಎಲ್ಲಾ ತರಬೇಕು. ಪೈಪಿನ ತುದೀಗಿರೋ ಫುಟ್‌ವಾಲ್ವಿಗಿ ನೈಲಾನ್ ಜಾಳಿಗಿ ಕಟ್ಟಬೇಕು, ಇಲ್ಲಂದ್ರ ನಮ್ಮ ಮೋಟಾರೂ ಅದನ್ನ ಕೊಚ್ಚಿ ಹಾಕ್ತಾವ."

ಪಂಚಾಯತಿ ಅಧ್ಯಕ್ಷ ಮೌಲಾಸಾಬ ಊರಿನವರನ್ನು ಶಾಲೆಯ ಅಂಗಳದಲ್ಲಿ ಸೇರಿಸಿದ. ಭಾಗಮ್ಮ ತೊಟ್ಟಿಯನ್ನೇ ಟಂಟಂ ಗಾಡಿಯಲ್ಲಿ ತಂದಿದ್ದಳು. ಜನ ಸಾಲುಗಟ್ಟಿ ಬಂದು ಬಟ್ಟೆ ಸರಿಸಿ ಸರಿಸಿ ನೋಡಿದರು. ಕೆಲವರು ಕೈ ಮುಗಿದರು, ಕೆಲವರು ಮೂಗು ಮುಚ್ಚಿಕೊಂಡರು. ಅವಳು ಹೇಳುವುದನ್ನೆಲ್ಲ ಕೇಳಿದ ಮೇಲೆ ಎಮ್ಮೆ ಸಾಕಿಕೊಂಡಿದ್ದ ಶಿವಲಿಂಗವ್ವ ಎಂಬಾಕೆ ಎದ್ದು ನಿಂತಳು.

"ಎಷ್ಟು ದಿನ ನೀರು ಚೆಲ್ಲಬೇಕಂತೀಯವ್ವಾ?"

"ಗೊತ್ತಿಲ್ಲ."

"ಅಷ್ಟು ಚೆಲ್ಲಿದ ಮ್ಯಾಲ ಅದು ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನೀರೂ ಹೋದಂಗ, ಅದೂ ಹೋದಂಗ. ನಾ ಸುಳ್ಳು ಹೇಳಲ್ಲ ಅಕ್ಕಾ. ಆದ್ರ ಸುಮ್ಮ ಕೂತ್ರ ಇಷ್ಟರಾಗ ನಮ್ಮ ಹುಡುಗರ ಹಲ್ಲೂ ಕಂದಾಗ್ತಾವ. ಅದಂತೂ ಖಾತ್ರಿ."

ಅಂಗಳದಲ್ಲಿ ಗಲಾಟೆ ಎದ್ದಿತು. ಕೆಲವರು ಬೈದುಕೊಂಡು ಹೋದರು. ಟ್ಯಾಂಕರ್ ತರಿಸಿದರಾಯಿತಲ್ಲ ಎಂದರು ಒಬ್ಬರು. ಟ್ಯಾಂಕರ್ ಎಷ್ಟು ವರ್ಷ ಬರುತ್ತದೆ ಎಂದು ಇನ್ನೊಬ್ಬರು ಕೇಳಿದರು. ಮೌಲಾಸಾಬ ಕೈಯೆತ್ತಿಸಿ ನೋಡಲು ಹೋಗಲಿಲ್ಲ. "ಯಾರಿಗಿ ಮನಸದನೋ ಅವರು ನಾಳಿ ಮುಂಜಾನಿ ಮೋಟಾರ್ ತಗೊಂಡು ಬರ್ರಿ. ನನ್ನದು ಮೊದಲು ಬರ್ತದ," ಎಂದು ಸಭೆ ಮುಗಿಸಿದ.

ಮುಂಜಾನೆ ಮೌಲಾಸಾಬನ ಮೋಟಾರು ಬಂತು. ಅದರ ಹಿಂದೆ ನಾಲ್ಕೈದು. ಹೊತ್ತು ಏರಿದಂತೆ ಎತ್ತಿನಗಾಡಿಯಲ್ಲಿ, ಟ್ರಾಕ್ಟರಿನಲ್ಲಿ ಒಂದೊಂದೇ ಬಂದು ಬಾವಿಯ ಸುತ್ತ ಸಾಲಾದವು. ಶಿವಲಿಂಗವ್ವನ ಡೀಸೆಲ್ ಪಂಪೂ ಬಂತು. ಅವಳು ಭಾಗಮ್ಮನ ಕಡೆ ನೋಡದೆ ಇಳಿಸಿಹೋದಳು. ಚಂದ್ರಶಾ ಮೈಕೈಗೆಲ್ಲ ಗ್ರೀಸು ಮೆತ್ತಿಕೊಂಡು ಒಂದೊಂದು ಫುಟ್‌ವಾಲ್ವಿಗೂ ಜಾಳಿಗೆ ಕಟ್ಟಿದ. ಗವಿಯ ಜೀವಕ್ಕೆ ಬೆಳಕಾಗದು ಎಂದು ಭಾಗಮ್ಮ ಹೇಳಿದ್ದಕ್ಕೆ ಹೆಂಗಸರು ಕಂಬಳಿ, ಕೌದಿ, ಹಳೆಯ ಸೀರೆ ತಂದು ಬಾವಿಯ ಬಾಯಿಗೆ ಅಡ್ಡ ಹಾಕಿದ ಬಿದಿರಿನ ಮೇಲೆ ಹೊದಿಸಿದರು. ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದಾಗ ಮಾತು ಕೇಳದಷ್ಟು ಸದ್ದಾಯಿತು.

ಮೊದಲ ದಿನವೇ ಊರಿನ ಕೊಡ, ಬ್ಯಾರಲ್ಲು, ದನದ ತೊಟ್ಟಿ, ಎಲ್ಲವೂ ತುಂಬಿದವು. ಆಮೇಲಿನದು ಹಳ್ಳಕ್ಕೆ ಹರಿಯಿತು. ಒಣಗಿ ಬಿದ್ದಿದ್ದ ಹಳ್ಳದಲ್ಲಿ ನೀರು ಕಂಡು ಎಮ್ಮೆಗಳು ಬಂದು ಮಲಗಿದವು, ಮಕ್ಕಳು ಅವುಗಳ ಮೈಮೇಲಿಂದ ಜಿಗಿದರು. ಹಿರಿಯರು ಮಾತ್ರ ದಂಡೆಯಲ್ಲಿ ನಿಂತು ಹರಿದುಹೋಗುವ ನೀರನ್ನು ನೋಡಿ ನಿಟ್ಟುಸಿರಿಟ್ಟರು.

ದಿನಗಳು ಕಳೆದವು. ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಯಾರೂ ಎಂದೂ ನೋಡಿರದ ಕೆಳಗಿನ ಬಂಡೆಗಳು ಬಯಲಾದವು. ಭಾಗಮ್ಮ ದಿನಾ ಸಂಜೆ ಕಂಬಳಿಗಳ ಅಡಿಯಲ್ಲಿ ಕೆಂಪು ದೀಪ ಹಿಡಿದು ಇಳಿದು, ಬಂಡೆಯ ಸಂದಿಗಳನ್ನು ಹುಡುಕಿ, ಬರಿಗೈಯಲ್ಲಿ ಮೇಲೆ ಬರುತ್ತಿದ್ದಳು. ಮೇಲೆ ಕಾಯುತ್ತಿದ್ದವರು ಅವಳ ಮುಖ ನೋಡಿಯೇ ಎದ್ದು ಹೋಗುತ್ತಿದ್ದರು. ಒಬ್ಬ ಬಂದು ತನ್ನ ಮೋಟಾರು ಬಿಚ್ಚಿಕೊಂಡ. ಮರುದಿನ ಇನ್ನಿಬ್ಬರು. ಅಂಗಡಿಯ ಮುಂದೆ ಯಾರೋ ಚಂದ್ರಶಾನಿಗೆ, "ಹೆಂಡ್ತಿ ಮಾತು ಕೇಳಿ ಊರಿನ ಬಾವಿ ಬತ್ತಿಸಿದಿ," ಎಂದು ಅಂದು ಹೋದರು. ಚಂದ್ರಶಾ ಅಂಗಡಿಗೆ ರಿಪೇರಿಗೆ ಬಂದಿದ್ದ ಮೋಟಾರುಗಳನ್ನೇ ಮಾಲೀಕರನ್ನು ಕೇಳಿ ತಂದು ಖಾಲಿ ಜಾಗಕ್ಕೆ ಕೂರಿಸಿದ.

ಆ ಹೊತ್ತಿಗೆ ಕುಲಕರ್ಣಿಯ ಫೋನು ಬಂತು. "ಹೊಸ ಪಂಪು ಬಂದಾವ ಮೇಡಂ. ನಾಳಿಂದ ಕೂಡಸ್ರಿ ಅಂತ ಆರ್ಡರ್."

"ಇನ್ನ ನಾಕು ದಿನ ತಡೀರಿ ಸರ್."

"ನನ್ನ ಕೈಯಾಗಿಲ್ಲ ಅಂತ ಅವತ್ತೇ ಹೇಳಿದ್ದೆ ನೋಡ್ರಿ."

"ಆತು. ಎಲ್ಲಿಂದ ಶುರು ಮಾಡಬೇಕು ಅನ್ನೋದಾದರೂ ನಿಮ್ಮ ಕೈಯಾಗದನೋ ಇಲ್ಲೋ? ಮ್ಯಾಲಿನ ಗುಂಡಿದು ಮೊದಲು ಕೂಡಸ್ರಿ. ಎಲ್ಲಕ್ಕಿಂತ ಕೆಳಗಿಂದು ಕಡೀಕಿರಲಿ. ಬಿರುಕು ಇರೋದು ಅಲ್ಲೇ."

"ಅದು ಆಗ್ತದ," ಎಂದ ಕುಲಕರ್ಣಿ. "ಕೆಳಗ ಕೆಸರು ಭಾಳ ಅದ, ಮೊದಲು ತಗಸಬೇಕು ಅಂತೇನಿ. ಸುಳ್ಳೇನಲ್ಲ."

ಅವತ್ತು ಭಾಗಮ್ಮ ಸಂಜೆಯತನಕ ಕಾಯಲಿಲ್ಲ. ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿದ್ದಾಗಲೇ ಬಾವಿಗಿಳಿದಳು. ಕಂಬಳಿಗಳ ಕೆಳಗೆ ಕತ್ತಲೂ ತಂಪೂ ಒಟ್ಟಿಗೆ ಮೈಗೆ ತಾಗಿದವು. ಕೊನೆಯ ಮೆಟ್ಟಿಲಿನಿಂದ ಬಂಡೆಯ ಮೇಲೆ ಕಾಲಿಟ್ಟು, ಸೊಂಟದವರೆಗಿನ ನೀರಿನಲ್ಲಿ ಪೂರ್ವದ ಗೋಡೆಯತ್ತ ನಡೆದಳು. ಅಲ್ಲೊಂದು ಅಡ್ಡ ಬಿರುಕಿತ್ತು. ಅದರಿಂದ ಬರುವ ನೀರಿನ ಸೆಳೆತ ಕಾಲಿಗೆ ಗೊತ್ತಾಗುತ್ತಿತ್ತು. ಮೇಲೆ ಮೋಟಾರುಗಳ ಗುಡುಗು. ಅದರ ನಡುವೆ ಬೇರೊಂದು ಸದ್ದು ಕೇಳಿಸಿದಂತಾಯಿತು. ಅವಳು ಮೇಲಕ್ಕೆ ಕೂಗಿದಳು. "ಒಂದು ಚಣ ಬಂದ್ ಮಾಡ್ರಿ!"

ಚಂದ್ರಶಾ ಮೋಟಾರುಗಳನ್ನು ನಿಲ್ಲಿಸಿದ. ಬಾವಿ ಮೌನವಾಯಿತು. ಆಗ ಬಿರುಕಿನೊಳಗಿಂದ ಸಣ್ಣಗೆ, ಬಹಳ ದೂರದಿಂದ, ಕಿಣಿಕಿಣಿ ಎಂಬ ಸದ್ದು ಸ್ಪಷ್ಟವಾಯಿತು. ಚಿಪ್ಪು ಚಿಪ್ಪಿಗೆ ತಾಗುವ ಸದ್ದು. ಬಳೆಗಾರನ ಮಲಾರವನ್ನು ಅಲುಗಿಸಿದ ಹಾಗೆ.

"ಚಾಲೂ ಮಾಡ್ರಿ!" ಎಂದು ಅವಳು ಮತ್ತೆ ಕೂಗಿದಳು. "ಎಲ್ಲಾ ಚಾಲೂ ಮಾಡ್ರಿ! ಬರ್ಲತ್ತದ!"

ಬಿಚ್ಚಿಕೊಂಡು ಹೋಗಿದ್ದ ಮೋಟಾರುಗಳು ಆ ಮಧ್ಯಾಹ್ನವೇ ತಿರುಗಿ ಬಂದವು. ಶಿವಲಿಂಗವ್ವ ತಲೆಯ ಮೇಲೆ ಡೀಸೆಲ್ ಕ್ಯಾನ್ ಹೊತ್ತು ಬಂದಳು. ಭಾಗಮ್ಮ ನೀರಿನಿಂದ ಹೊರಬರಲು ಒಪ್ಪಲಿಲ್ಲ. ನಾಗಬಾಯಿ ಮೆಟ್ಟಿಲ ಮೇಲೆ ಅರ್ಧದವರೆಗೆ ಇಳಿದು ರೊಟ್ಟಿ ಸುತ್ತಿ ಕೊಟ್ಟಳು. ನಿಂತುಕೊಂಡೇ ತಿಂದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಬಂತು. ಬಿರುಕಿನ ಬಾಯಲ್ಲಿ ಮೊದಲು ಒಂದು ಬಿಳಿ ಎಳೆ, ಅದರ ಹಿಂದೆ ಇನ್ನೊಂದು, ಆಮೇಲೆ ಹೆಣೆದುಕೊಂಡ ತೋಳುಗಾತ್ರದ ಜಡೆ. ಅವಳು ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಚಿಪ್ಪುಗಳು ಮಣಿಗಳಂತೆ ಸಾಲಾಗಿರಲಿಲ್ಲ, ಎಳೆಯ ಸುತ್ತ ಸುರುಳಿಯಾಗಿ ಏರಿದ್ದವು. ಒಂದೊಂದರ ಬಾಯಿಂದಲೂ ಉಸಿರಿನಷ್ಟು ತೆಳುವಾದ ಬೀಸಣಿಗೆ ಅರಳಿ ಮುಚ್ಚುತ್ತಿತ್ತು. ಭಾಗಮ್ಮ ಬೆರಳ ತುದಿಯಿಂದ ಮುಟ್ಟಿದಳು. ಮುಟ್ಟಿದ ಚಿಪ್ಪು ಮುಚ್ಚಿತು, ಅದರ ಪಕ್ಕದ್ದು ಮುಚ್ಚಿತು, ಆ ಅಲೆ ಕಿಣಿಕಿಣಿಗುಟ್ಟುತ್ತ ಬಿರುಕಿನೊಳಗೆ ಓಡಿ ಕತ್ತಲಲ್ಲಿ ಮರೆಯಾಯಿತು. ಹೋದ ಅಲೆ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಜಡೆಯ ಇನ್ನೊಂದು ತುದಿ ಎಲ್ಲಿದೆಯೋ ಯಾರಿಗೆ ಗೊತ್ತು. ಈ ಕಲ್ಲು ಸಮುದ್ರದ ತಳವಾಗಿದ್ದ ಕಾಲದ ವಂಶವೋ, ಆಮೇಲೆ ಯಾವ ದಾರಿಯಲ್ಲಿ ಬಂದು ಸೇರಿತೋ ಅದೂ ಗೊತ್ತಿಲ್ಲ. ಅವಳು ಕಣ್ಣೊರೆಸಿಕೊಂಡು, ಮೋಟಾರುಗಳನ್ನು ಒಂದೊಂದಾಗಿ ಕಡಿಮೆ ಮಾಡುವಂತೆ ಹೇಳಿ ಕಳಿಸಿದಳು.

ಪೂರ್ತಿ ಜಡೆ ಬರಲಿಲ್ಲ. ಗಣಿಯ ಕೆಳಗುಂಡಿಯ ಕೆಸರು ತೆಗೆಸಿದಾಗ ಸತ್ತ ಎಳೆಗಳ ರಾಶಿಯೇ ಸಿಕ್ಕಿತೆಂದು ಕುಲಕರ್ಣಿ ಹೇಳಿದ. ಭಾಗಮ್ಮನ ವರದಿಯನ್ನು ಈ ಸಲ ಮೇಲಧಿಕಾರಿಗಳು ಹಿಂದಿರುಗಿಸಲಿಲ್ಲ. ತಾವೇ ಬಂದು ಬಾವಿಗಿಳಿದು ನೋಡಿ, ಜಿಲ್ಲಾಧಿಕಾರಿಯ ತನಕ ಒಯ್ದರು. ಗಣಿಯ ಕೆಳಗುಂಡಿಯನ್ನು ಮುಚ್ಚಿಸಲು ಮಳೆಗಾಲ ಕಳೆಯುವವರೆಗೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಫ್ಲೋರೈಡ್ ಇಳಿಯಿತು, ಆದರೆ ತಡವಾಗಿ, ಅದೂ ಹಿಂದಿನ ಮಟ್ಟಕ್ಕೆ ಅಲ್ಲ. ಜಡೆ ಬೆಳೆದಷ್ಟೇ ನೀರು ತಿಳಿಯಾಗಬೇಕು. ಬಾವಿಯಲ್ಲಿ ಒಂದು ಮೋಟಾರಾದರೂ ಸದಾ ನಡೆಯುತ್ತಿರಬೇಕೆಂದು ಪಂಚಾಯತಿ ಗೊತ್ತುಮಾಡಿತು. ಕರೆಂಟ್ ಹೋದರೆ ಓಣಿಯ ಸರದಿಯಂತೆ ಜನ ಬಂದು ಕೈಯಲ್ಲೇ ಸೇದುತ್ತಿದ್ದರು. ಪ್ರಯೋಗಾಲಯದ ತೊಟ್ಟಿಯಲ್ಲಿ ಹರಿದು ಬಿದ್ದಿದ್ದ ತುಂಡುಗಳು ಆ ವೇಳೆಗೆ ಗಾಯ ಮಾಯಿಸಿಕೊಂಡು ಹೊಸ ಚಿಪ್ಪು ಕಟ್ಟತೊಡಗಿದ್ದವು.

ಆ ಸುದ್ದಿ ಹೇಗೋ ಹೊರಗೆ ಹೋಯಿತು. ಚಳಿಗಾಲದ ಒಂದು ಬೆಳಿಗ್ಗೆ ಮುದಕನಾಳವೆಂಬ ಊರಿನಿಂದ ಒಂದು ಟೆಂಪೋ ತುಂಬ ಹೆಂಗಸರು ಬಂದು ಭಾಗಮ್ಮನ ಮನೆಯ ಮುಂದೆ ಇಳಿದರು. ಯಾರ ಬೆನ್ನೂ ನೆಟ್ಟಗಿರಲಿಲ್ಲ. ಎಲ್ಲರಿಗಿಂತ ಮುಂದಿದ್ದ ಬಂಗಾರೆಮ್ಮ ಕೋಲೂರಿಕೊಂಡು ಕಟ್ಟೆ ಹತ್ತಿ, ಕಂಕುಳಲ್ಲಿದ್ದ ತಾಮ್ರದ ಕೊಡ ಕೆಳಗಿಟ್ಟಳು.

"ನಿಮ್ಮ ಬಾವ್ಯಾನ ಜಡಿ ತುಂಡು ಮಾಡಿದ್ರೂ ಬೆಳಿತದಂತಲ್ಲವ್ವಾ. ನಮಗೂ ಒಂದು ತುಂಡು ಕೊಡು."

"ನಿಮ್ಮ ಬಾವಿ ಇದಕ್ಕ ಹಿಡಸ್ತದೋ ಇಲ್ಲೋ ನನಗ ಗೊತ್ತಿಲ್ಲ ಯವ್ವಾ. ಸಾಯಬಹುದು."

"ಸತ್ರ ಮತ್ತ ಬರ್ತೀವಿ."

"ದಿನಾ ನೀರು ಸೇದಬೇಕಾಗ್ತದ. ಬಿಡಂಗಿಲ್ಲ."

"ಸೇದ್ತೀವಿ."

ಭಾಗಮ್ಮ ಆ ಹೆಂಗಸರನ್ನು ನೋಡಿದಳು. ಒಳಗೆ ಹೋಗಿ ಕೆಂಪು ದೀಪ ತಂದಳು. ಬಾವಿಗಿಳಿದು ಜಡೆಯ ಹೊಸ ಬೆಳವಣಿಗೆಯಿಂದ ಒಂದು ಎಳೆಯನ್ನು ಕತ್ತರಿಸಿ, ಬಾವಿಯ ನೀರಿನ ಸಮೇತ ಕೊಡದಲ್ಲಿಟ್ಟು, ಬಾಯಿಗೆ ಕರಿಬಟ್ಟೆ ಕಟ್ಟಿದಳು. ತಾನೂ ಅವರ ಜೊತೆ ಟೆಂಪೋ ಹತ್ತಿ, ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಮುದಕನಾಳದ ಬಾವಿ ಹಳೆಯದು, ಬಳಕೆ ತಪ್ಪಿದ್ದು. ಹೂಳು ತೆಗೆದು, 'ಗಡಗಡಿ' ಎಂದು ಅವರು ಕರೆಯುವ ರಾಟೆ ಕೂರಿಸಿ, ಸೊಪ್ಪಿನ ಚಪ್ಪರ ಹಾಕಿ ನೆರಳು ಮಾಡಿದ್ದರು. ಭಾಗಮ್ಮ ಏಣಿಯಲ್ಲಿ ಇಳಿದು ಪಶ್ಚಿಮದ ಗೋಡೆಯಲ್ಲಿ ಒಂದು ಬಿರುಕು ಹುಡುಕಿದಳು. ನೀರಿನ ಸೆಳೆತ ಇತ್ತು, ಬಹಳ ಕಡಿಮೆ. ಕೊಡವನ್ನು ನೀರಿನಲ್ಲಿ ಅದ್ದಿ ನಿಧಾನವಾಗಿ ಬಾಗಿಸಿದಳು. ಬಿಳಿ ಎಳೆ ಹೊರಗೆ ಜಾರಿ, ಸ್ವಲ್ಪ ಹೊತ್ತು ಎತ್ತಲೂ ಹೋಗದೆ ನೀರಿನಲ್ಲಿ ತೂಗಾಡಿತು. ಅದಕ್ಕೆ ದಿಕ್ಕು ತೋಚುತ್ತಿರಲಿಲ್ಲ.

ಅವಳು ಏಣಿ ಹತ್ತಿ ಮೇಲೆ ಬಂದಳು. ಆ ಊರಿನವರು ತಂದಿಟ್ಟಿದ್ದ ಮೋಟಾರಿಗೆ ಇನ್ನೂ ಕರೆಂಟ್ ಕೊಟ್ಟಿರಲಿಲ್ಲ. ಬಂಗಾರೆಮ್ಮ ಕೋಲನ್ನು ಚಪ್ಪರದ ಕಂಬಕ್ಕೆ ಒರಗಿಸಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆಯಲು ನೋಡುತ್ತಿದ್ದಳು. ಬಾಗಿದ ಬೆನ್ನಿಗೆ ಜಗ್ಗಲು ಬರುತ್ತಿರಲಿಲ್ಲ. ಉಳಿದ ಹೆಂಗಸರು ಅವಳ ಹಿಂದೆ ಒಬ್ಬರ ಹಿಂದೊಬ್ಬರು ಬಂದು ಹಗ್ಗ ಹಿಡಿದರು.

ಭಾಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಲ್ಲರ ಮುಂದೆ ಹೋಗಿ ಹಗ್ಗ ಹಿಡಿದಳು. "ಹೂಂ, ಜಗ್ಗ್ರಿ," ಎಂದಳು. ರಾಟೆ ಕಿರುಗುಟ್ಟುತ್ತ ತಿರುಗಿತು.